ಬೆಳ್ಳಮ್ಮನ ಹೆಸರಿಗೆ ಬಿದ್ದ ಸೂಜಿ

ಎರಡು ಸಾವಿರದ ಇಪ್ಪತ್ತೊಂದರ ಮಾರ್ಚ್ ತಿಂಗಳಲ್ಲಿ ಮಲ್ಲಿಗಮ್ಮ ಗುಲಾಬಿ ಸೀರೆ ಉಟ್ಟು ಬೀದಿಗೆ ಇಳಿದಳೆಂದರೆ ಬಿದಿರುಕೊಪ್ಪಲಿನ ಮುದುಕರು ಹಿತ್ತಲ ಬಾಗಿಲಿನಿಂದ ಕಬ್ಬಿನ ಗದ್ದೆ ಸೇರುತ್ತಿದ್ದರು. ಹನಕೆರೆ ಸ್ಟೇಷನ್ನಿನಿಂದ ಎರಡು ಮೈಲಿ ಒಳಗಿರುವ ಆ ಊರಿಗೆ ಅವಳು ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಯಾವ ಸೊಸೆಗೆ ಎಷ್ಟು ತಿಂಗಳು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಯಾವ ಗಂಡಸು ಸಕ್ಕರೆ ಕಾಯಿಲೆಯ ಮಾತ್ರೆ ನುಂಗದೆ ಹೆಂಚಿನ ಸಂದಿಗೆ ಸಿಕ್ಕಿಸಿದ್ದಾನೆ, ಎಲ್ಲ ಅವಳಿಗೆ ಗೊತ್ತು. ನೋವು ಬಂದ ಹೆಂಗಸರನ್ನು ಆಟೋದಲ್ಲಿ ಮದ್ದೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಎರಡು ಹೆರಿಗೆ ಮಾಡಿಸಿದ್ದಳು. ಊರು ಅವಳ ಮಾತು ಕೇಳುತ್ತಿತ್ತು. ಕೊರೋನ ಲಸಿಕೆಯ ವಿಷಯದಲ್ಲಿ ಮಾತ್ರ ಕೇಳಲಿಲ್ಲ. ಹಾಕಿಸಿಕೊಂಡವರು ವರ್ಷದೊಳಗೆ ಸಾಯುತ್ತಾರೆ ಎಂದು ಯಾರದೋ ಮೊಬೈಲಿಗೆ ಬಂದಿತ್ತು, ಅದನ್ನು ಊರೆಲ್ಲ ನೋಡಿತ್ತು.

ಊರಿಗೆ ಮೊದಲು ಒಪ್ಪಿದವನು ಕೆಂಪಯ್ಯ. ಅರವತ್ತೆಂಟರ ಪ್ರಾಯ. ನಾಲೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಬಿಡುವ ನೀರುಗಂಟಿಯಾಗಿ ಮೂವತ್ತೊಂದು ವರ್ಷ ತೂಬು ಕಾದವನು. ಸ್ವಂತ ತಮ್ಮನಿಗೂ ಸರದಿ ತಪ್ಪಿಸಿ ಒಂದು ಗಳಿಗೆ ನೀರು ಬಿಟ್ಟವನಲ್ಲ ಎಂದು ಹೆಸರು.

"ನೀನು ಆಕಿಸ್ಕಂಡಿದ್ದೀಯೇನವ್ವ?" ಎಂದು ಕೇಳಿದ.

"ಎರಡೂ ಆಯ್ತು ಮಾವ. ಒಂದಿನ ಜ್ವರ ಬಂತು, ಅಷ್ಟೇಯ."

"ಸರಿ ನಡಿ ಮತ್ತೆ."

ಹೊಸಿಲ ಬಳಿ ನಿಂತಿದ್ದ ಹೆಂಡತಿ ಬೆಳ್ಳಮ್ಮ ಮಾತ್ರ ತಲೆಯಾಡಿಸಿದಳು. "ಮೊದ್ಲು ಇವ್ರು ಆಕಿಸ್ಕಳ್ಳಿ ಕಣಮ್ಮ. ಇವ್ರಿಗೇನೂ ಆಗ್ದಿದ್ರೆ ಆಮೇಕೆ ನಾನು."

ಮಲ್ಲಿಗಮ್ಮ ನಕ್ಕು, "ಆಯ್ತು ಬುಡಿ ಅತ್ತೆ, ಔಷ್ದಿ ಎಲ್ಗೋಯ್ತದೆ?" ಎಂದಳು.

ಏಪ್ರಿಲ್ ಮುಗಿಯುವಷ್ಟರಲ್ಲಿ ಔಷಧಿ ಇರಲಿಲ್ಲ. ಮಂಡ್ಯದಿಂದ ದಿನಕ್ಕೊಂದು ಸಾವಿನ ಸುದ್ದಿ ಬರತೊಡಗಿತು. ಗದ್ದೆಗೆ ಓಡುತ್ತಿದ್ದ ಜನವೇ ಈಗ ಬೆಳಕು ಹರಿಯುವ ಮುಂಚೆ ಆರೋಗ್ಯ ಕೇಂದ್ರದ ಮುಂದೆ ಚಪ್ಪಲಿ, ಕಲ್ಲು, ಚೀಲ ಇಟ್ಟು ಸಾಲು ಹಿಡಿಯುತ್ತಿದ್ದರು. ಹನ್ನೊಂದು ಹಳ್ಳಿಗೆ ಬರುತ್ತಿದ್ದದ್ದು ದಿನಕ್ಕೆ ಮೂವತ್ತು ಡೋಸು. ಕೆಲವು ದಿನ ಅದೂ ಇಲ್ಲ. ಟಿ.ವಿ.ಯಲ್ಲಿ ಮಾತ್ರ, ಎಲ್ಲರಿಗೂ ಇದೆ, ಯಾರೂ ಗಾಬರಿಯಾಗಬೇಡಿ ಎಂದು ಹೇಳುತ್ತಲೇ ಇದ್ದರು.

ಬೆಳ್ಳಮ್ಮ ಮೂರು ಸಲ ಬಂದು ಬರಿಗೈಲಿ ಹೋದಳು. ನಾಲ್ಕನೇ ಸಲಕ್ಕೆ ಮಲ್ಲಿಗಮ್ಮನೇ ಅವಳ ಹೆಸರು, ಆಧಾರ್ ನಂಬರು ಬರೆದುಕೊಟ್ಟು ಟೋಕನ್ ಕೊಡಿಸಿದಳು. ಬೆಳ್ಳಮ್ಮನ ಹತ್ತಿರ ಫೋನಿರಲಿಲ್ಲ, ಹಾಗಾಗಿ ತನ್ನ ನಂಬರನ್ನೇ ಹಾಕಿಸಿದಳು. ಟೋಕನ್ ಇಪ್ಪತ್ತೇಳು. ಇಪ್ಪತ್ತೈದಕ್ಕೇ ನರ್ಸು ಹೊರಗೆ ಬಂದು, "ಮುಗೀತು, ನಾಳೆ ಬನ್ನಿ" ಎಂದು ಬಾಗಿಲು ಎಳೆದುಕೊಂಡಳು.

ಅದೇ ಹೊತ್ತಿಗೆ ಕಟ್ಟಡದ ಹಿಂದಿನಿಂದ ಬೆಂಗಳೂರು ನಂಬರಿನ ಕಾರೊಂದು ಹೊರಟಿತು. ಒಳಗೆ ತೋಳಿಗೆ ಹತ್ತಿ ಒತ್ತಿಕೊಂಡ ಐದು ಜನ. ಅವರನ್ನು ಕಳುಹಿಸಿ ಕೈ ಬೀಸುತ್ತಿದ್ದವನು ಪಂಚಾಯ್ತಿ ಮೆಂಬರ್ ಸಿದ್ದರಾಜು.

"ಏನಣ್ಣ ಇದು? ಜನ ನಾಕ್ ಗಂಟೆಯಿಂದ ಕಾಯ್ತಾವ್ರೆ" ಎಂದಳು ಮಲ್ಲಿಗಮ್ಮ.

"ನಮ್ ನೆಂಟ್ರು ಕಣಮ್ಮ. ಬೆಂಗ್ಳೂರಲ್ಲಿ ಸಿಕ್ತಿಲ್ವಂತೆ. ಊರೋರು ಎಲ್ಗೋಯ್ತರೆ? ನಾಳೆ ಆಕ್ಸು."

ಜನ ಸಿದ್ದರಾಜುವನ್ನು ಕೇಳಲಿಲ್ಲ. ಗುಲಾಬಿ ಸೀರೆಯನ್ನು ಸುತ್ತುವರಿದರು. "ಬೇಡ ಅಂದಾಗ ಮನೆ ಬಾಗ್ಲು ತಟ್ತಿದ್ದೆ, ಈಗೆಲ್ಲೇ ನಿನ್ ಸೂಜಿ? ಮಾರ್ಕಂಡ್ಯಾ?" ಎಂದು ಒಬ್ಬ ಕೂಗಿದ. ಅವನ ಹೆಂಡತಿಯ ಹೆರಿಗೆ ಆಟೋದಲ್ಲಿ ಆಗಿತ್ತು. ಬೆಳ್ಳಮ್ಮ ಮಾತ್ರ ಟೋಕನ್ನನ್ನು ಸೀರೆ ಸೆರಗಿಗೆ ಗಂಟು ಹಾಕಿಕೊಂಡು, "ಬುಡ್ರಪ್ಪ, ಅವ್ಳೇನ್ ಮಾಡ್ತಾಳೆ?" ಎಂದು ನಡೆದಳು.

ಆಮೇಲೆ ಒಂದು ವಾರ ಔಷಧಿಯೇ ಬರಲಿಲ್ಲ. ಒಂಬತ್ತು ದಿನಕ್ಕೆ ಅವಳಿಗೆ ಜ್ವರ ಬಂತು. ಮಂಡ್ಯಕ್ಕೆ ಸಾಗಿಸಿದ ಮೂರನೇ ದಿನ ತೀರಿಕೊಂಡಳು. ಮಣ್ಣಿಗೆ ಊರಿನವರು ಯಾರೂ ಇರಲಿಲ್ಲ. ಪ್ಲಾಸ್ಟಿಕ್ಕಿನ ಮೇಲಿಂದ ಮುಖ ತೋರಿಸಿದ್ದು ಕೆಂಪಯ್ಯನಿಗೊಬ್ಬನಿಗೇ.

ಮಲ್ಲಿಗಮ್ಮ ಮಾತಾಡಿಸಲು ಹೋದಾಗ ಕೆಂಪಯ್ಯ ಜಗಲಿಯ ಮೇಲೆ ಕೂತಿದ್ದ. ಅವಳನ್ನು ನೋಡಿ ಗೋಡೆಯ ಕಡೆಗೆ ತಿರುಗಿಕೊಂಡ. ಅವಳು ಹಿಂದಕ್ಕೆ ಬಂದಳು. 'ಔಷ್ದಿ ಎಲ್ಗೋಯ್ತದೆ' ಎಂದು ತಾನೇ ಅಂದದ್ದು ಮುದ್ದೆ ತಿರುವುವಾಗಲೂ, ಬಟ್ಟೆ ಒಗೆಯುವಾಗಲೂ ಅವಳ ಕಿವಿಗೆ ಬರುತ್ತಿತ್ತು.

ಬೆಳ್ಳಮ್ಮ ಸತ್ತು ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಮಲ್ಲಿಗಮ್ಮನ ಫೋನು ಸದ್ದು ಮಾಡಿತು. ಬೆಳ್ಳಮ್ಮ ಅವರಿಗೆ ಅಭಿನಂದನೆ, ನಿಮಗೆ ಮೊದಲ ಡೋಸ್ ಯಶಸ್ವಿಯಾಗಿ ನೀಡಲಾಗಿದೆ, ಪ್ರಮಾಣಪತ್ರವನ್ನು ಇಲ್ಲಿ ಪಡೆಯಿರಿ ಎಂದಿತ್ತು.

ಅವಳು ಎರಡು ಸಲ ಓದಿದಳು. ಕೈಲಿದ್ದ ಮೊರ ಕೆಳಗಿಟ್ಟು ನೇರ ಆರೋಗ್ಯ ಕೇಂದ್ರಕ್ಕೆ ನಡೆದಳು. ಕಂಪ್ಯೂಟರಿನ ಮುಂದೆ ಕೂರುವ ಪ್ರಿಯಾಂಕ ಗುತ್ತಿಗೆಯ ಮೇಲೆ ಸೇರಿದ ಮದ್ದೂರಿನ ಹುಡುಗಿ. ಫೋನು ನೋಡಿ ಅವಳು ಎದ್ದು ನಿಂತಳು.

"ತೀರ್ಕೊಂಡಿದ್ದಾರೆ ಅಂತ ನಂಗೊತ್ತಿರ್ಲಿಲ್ಲ ಅಕ್ಕ, ದೇವ್ರಾಣೆ. ಮೆಂಬರ್ ಕಡೆಯೋರು ಇನ್ನೂ ನಾಲ್ಕು ಜನ ಬಂದ್ರು. ಎಲ್ಲಾ ಚಿಕ್ಕ ವಯಸ್ಸು, ಅವ್ರಿಗೆ ಇನ್ನೂ ಹಾಕೋ ಹಾಗಿಲ್ಲ. ಹಳೇ ಲಿಸ್ಟಲ್ಲಿ ಉಳಿದಿರೋ ಹೆಸ್ರಿಗೆ ಹಾಕ್ಬಿಡಮ್ಮ ಅಂದ್ರು ಡಾಕ್ಟ್ರು."

ಮೆಸೇಜನ್ನು ಅಳಿಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಲ್ಲಿಗಮ್ಮ ಅಳಿಸಲಿಲ್ಲ. ಕೆಂಪಯ್ಯನ ಜಗಲಿಗೆ ಹೋಗಿ, ಅವನು ಗೋಡೆಯ ಕಡೆ ತಿರುಗಿಕೊಂಡಿದ್ದಂತೆಯೇ ಓದಿ ಹೇಳಿದಳು. ಅವನು ಈ ಕಡೆ ತಿರುಗಿದ.

"ಯಾರ್ಗೆ ಚುಚ್ಚವ್ರೆ ಅದ್ನ?"

"ಗೊತ್ತಿಲ್ಲ ಮಾವ."

"ಗೊತ್ತದೆ ನಿಂಗೆ. ಯೋಳು."

ಅವಳು ಹೇಳಿದಳು.

ಲಾಕ್‌ಡೌನ್ ಮುಗಿದು ಬಸ್ಸು ಶುರುವಾದ ಮೇಲೆ ಇಬ್ಬರೂ ಮಂಡ್ಯಕ್ಕೆ ಹೋದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ. ಕೊನೆಗೆ ಒಬ್ಬ ಅಧಿಕಾರಿ ಕುರ್ಚಿ ತೋರಿಸಿ ಫೋನು ನೋಡಿದರು. "ಇದು ತಾಂತ್ರಿಕ ದೋಷ ಅಜ್ಜ. ಎಲ್ಲಾ ಕಡೆ ಒಂದೊಂದು ಆಗ್ತಾ ಇರುತ್ತೆ. ತೀರಿಕೊಂಡೋರಿಗೆ ಇದ್ರಿಂದ ಏನು ನಷ್ಟ ಹೇಳಿ?"

ಕೆಂಪಯ್ಯ ಕೂರಲಿಲ್ಲ. "ಮೂವತ್ತೊಂದು ವರ್ಸ ನಾಲೆ ತೂಬು ಕಾದಿವ್ನಿ ಸ್ವಾಮಿ. ಒಬ್ಬನ್ ಸರ್ದಿ ನೀರ ಇನ್ನೊಬ್ಬನ್ ಗದ್ದೆಗೆ ತಿರುಗ್ಸುದ್ರೆ ಅದ್ಕೆ ನಾವು ಕಳ್ತನ ಅಂತೀವಿ. ನೀವೇನಂತೀರಿ?"

ಅಧಿಕಾರಿ ಗಡಿಯಾರ ನೋಡಿ, ಅರ್ಜಿ ಬರೆದುಕೊಡಿ ಎಂದರು. ಮಲ್ಲಿಗಮ್ಮ ಬರೆದಳು, ಕೆಂಪಯ್ಯ ಹೆಬ್ಬೆಟ್ಟು ಒತ್ತಿದ.

ಮೂರು ವಾರಕ್ಕೆ ನೋಟಿಸು ಬಂತು. ಬಂದದ್ದು ಮಲ್ಲಿಗಮ್ಮನಿಗೆ. ಮೃತ ವ್ಯಕ್ತಿಯ ಹೆಸರನ್ನು ಪಟ್ಟಿಯಿಂದ ತೆಗೆಸದೆ, ತನ್ನ ಸ್ವಂತ ಫೋನ್ ನಂಬರ್ ನೀಡಿ ಇಲಾಖೆಗೆ ಕೆಟ್ಟ ಹೆಸರು ತಂದದ್ದಕ್ಕೆ ಕಾರಣ ಕೇಳಿದ್ದರು. ಡಾಕ್ಟರು ಒಳಗೆ ಕರೆದು ಮೆತ್ತಗೆ ಹೇಳಿದರು: "ಆಧಾರ್ ನಂಬರ್ ನಾನೇ ತಪ್ಪು ಕೊಟ್ಟೆ ಅಂತ ಒಂದು ಸಾಲು ಬರ್ಕೊಡಿ ಮಲ್ಲಿಗಮ್ಮ. ಇಲ್ಲಿಗೇ ಮುಗಿಸಿಬಿಡೋಣ."

"ತಪ್ಪು ಕೊಟ್ಟಿಲ್ಲ ಸರ್."

"ಗೊತ್ತು. ಆದ್ರೂ ಬರ್ಕೊಡಿ."

"ಬರ್ಯಕಿಲ್ಲ ಸರ್." ಹೊರಗೆ ಬಂದು ನಲ್ಲಿಯ ಹತ್ತಿರ ಕೂತು ಅತ್ತಳು.

ಮದ್ದೂರಿನಲ್ಲಿ ವಿಚಾರಣೆಯಾದ ದಿನ ಯಾರೂ ಕರೆಯದೆ ಕೆಂಪಯ್ಯ ಬಂದಿದ್ದ. ಮೇಜಿನ ಮುಂದೆ ನಿಂತು, "ಈ ಎಣ್ಮಗ್ಳು ಯೋಳದಿದ್ರೆ ನಂಗೆ ತಿಳೀತಾನೇ ಇರ್ನಿಲ್ಲ. ಕೇಳದಾದ್ರೆ ಸೂಜಿ ಆಕಿಸ್ಕಂಡೋರ್ನ ಕೇಳಿ" ಎಂದ. ವಿಚಾರಣೆಗೆ ಕೂತವರು ಅದನ್ನು ಬರೆದುಕೊಂಡರು. ಸಿದ್ದರಾಜುವನ್ನು ಕರೆಸಲೇ ಇಲ್ಲ. ಡಾಕ್ಟರಿಗೆ ಏನೂ ಆಗಲಿಲ್ಲ. ಕಡತದಲ್ಲಿ ತಾಂತ್ರಿಕ ದೋಷ ಎಂದು ಬರೆದು ಮುಚ್ಚಿದರು. ಆಗಸ್ಟಿನಲ್ಲಿ ಗುತ್ತಿಗೆ ಮುಗಿದಾಗ ಪ್ರಿಯಾಂಕಳನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಹೋಗುವ ದಿನ ಅವಳು ಮಲ್ಲಿಗಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಸತ್ಯ ಹೇಳಿ ತಾನು ಯಾರನ್ನು ಹಿಡಿಸಿಕೊಟ್ಟಂತಾಯಿತು ಎಂದು ಮಲ್ಲಿಗಮ್ಮನಿಗೆ ಬಹಳ ದಿನ ಊಟ ಸೇರಲಿಲ್ಲ.

ನವೆಂಬರಿನಲ್ಲಿ ಲಸಿಕೆ ಬೇಕಾದಷ್ಟು ಬಂತು. ಮೈಕು ಕಟ್ಟಿದ ವ್ಯಾನು ಬೀದಿ ಬೀದಿ ಸುತ್ತಿತು. ಮನೆಮನೆಗೆ ಹೋಗಿ ಹಾಕಿ, ನೂರಕ್ಕೆ ನೂರು ಆಗಬೇಕು ಎಂದು ಮೇಲಿನಿಂದ ಆದೇಶ. ಕೆಂಪಯ್ಯನಿಗೆ ಎರಡನೆಯ ಡೋಸು ಇನ್ನೂ ಬಾಕಿ ಇತ್ತು. ಮಲ್ಲಿಗಮ್ಮ ಮೇಲ್ವಿಚಾರಕಿಯನ್ನೂ ನರ್ಸನ್ನೂ ಕರೆದುಕೊಂಡು ಅವನ ಮನೆಗೆ ಹೋದಳು.

ಅವನು ಮೂವರಿಗೂ ಮಜ್ಜಿಗೆ ಕೊಟ್ಟ. ತೋಳು ಮಾತ್ರ ಕೊಡಲಿಲ್ಲ.

"ನೀನು ಬಂದಿದ್ದೀಯ, ಇಲ್ಲ ಅನ್ನಕ್ಕೆ ಬಾಯಿ ಬರಕಿಲ್ಲ ಕಣವ್ವ. ಆದ್ರೂ ಬೇಡ. ಅವ್ಳ ಎಸ್ರಿಂದ ಆ ಸೂಜೀನ ತಗ್ಸು, ಆಮೇಕೆ ನಾನೇ ನಡ್ಕಂಡು ಬತ್ತೀನಿ."

"ಅದು ನನ್ ಕೈಲಿಲ್ಲ ಮಾವ."

"ಗೊತ್ತು. ಅದ್ಕೇಯ ನಿನ್ ಮೇಲೆ ಕ್ವಾಪ ಇಲ್ಲ."

ಬೀದಿಗೆ ಬಂದ ಮೇಲೆ ಮೇಲ್ವಿಚಾರಕಿ ರಿಜಿಸ್ಟರ್ ತೆಗೆದರು. ಹಾಕಿಸಿಕೊಳ್ಳದವರ ಕಾಲಂನಲ್ಲಿ ಮೂರೇ ಕಾರಣಗಳಿದ್ದವು: ಊರಲ್ಲಿಲ್ಲ, ಅನಾರೋಗ್ಯ, ನಿರಾಕರಣೆ. ಮಲ್ಲಿಗಮ್ಮ ಪೆನ್ನು ಹಿಡಿದು ನಿಂತೇ ಇದ್ದಳು.

"ಅದೇನು ಯೋಚ್ನೆ? ನಿರಾಕರಣೆ ಅಂತ ಬರೀರಿ" ಎಂದರು ಮೇಲ್ವಿಚಾರಕಿ. "ಇಂಥವರಿಂದಲೇ ನಮ್ಮ ಹಳ್ಳಿಗಳು ಹೀಗಿರೋದು. ಮನೆ ಬಾಗಿಲಿಗೆ ತಂದುಕೊಟ್ಟರೂ ಬೇಡ ಅಂತಾರೆ. ಎಷ್ಟು ತಿಳುವಳಿಕೆ ಹೇಳಿದರೂ ಅಷ್ಟೆ."

ಮಲ್ಲಿಗಮ್ಮ ಕೆಂಪಯ್ಯನ ಹೆಸರಿನ ಮುಂದೆ ನಿರಾಕರಣೆ ಎಂದು ಬರೆದಳು. ಮೇಲ್ವಿಚಾರಕಿ ಅದರ ಕೆಳಗೆ ಸಹಿ ಹಾಕಿದರು.