ಹದ್ದು ಕೂಡುವ ಕಂಬ

"ಆಗೂದಿಲ್ಲ" ಅಂತ ಮೊದಲು ಹೇಳಿದವನೇ ನಮ್ಮ ಸೋದರಮಾವ, ಮಮದಾಪುರ ಕಡೆಯ ಲೈನ್‌ಮನ್. ಹೇಳುವಾಗ ಬಲಗೈ ಹೆಬ್ಬೆರಳು ಅಲ್ಲಾಡಿಸಿದ. ಹಳೆಯ ಶಾಕ್‌ಗೆ ಉಗುರು ಹೋಗಿ ಅದರ ತುದಿ ಸುಟ್ಟ ಬದನೆಕಾಯಿಯಂತೆ ಕರ್ರಗೆ ಮುರುಟಿತ್ತು.

ನಾನು ಕೇಳಿದ್ದು ಇಷ್ಟೇ. ಕಂಬದ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಕೂತ ಹದ್ದು ರೆಕ್ಕೆ ಬಿಚ್ಚಿದರೆ ತಂತಿಗೆ ತಾಗಿ ಸಾಯುತ್ತದೆ, ಲೈನೂ ಹೋಗುತ್ತದೆ. ಕಂಬದ ಹತ್ತಿರದ ತಂತಿಗೆ ರಬ್ಬರ್ ಹೊದಿಕೆ ಹಾಕಿದರೆ ಎರಡೂ ಉಳಿಯುತ್ತವೆ. ಅದೇ ನನ್ನ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟು. ನಮ್ಮ ಮನೆತನದಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಹೊದಿಕೆ ಕಾಲೇಜಿನವರು ಕೊಡುತ್ತಿದ್ದರು, ಆದರೆ ಹಾಕಲು ಕರೆಂಟ್ ಆಫೀಸಿನ ಸೆಕ್ಷನ್ ಸಾಹೇಬರ ಪರವಾನಗಿ ಬೇಕಿತ್ತು.

"ಸಾಹೇಬ್ರು ಒಪ್ಪೂದಿಲ್ಲ ತಂಗಿ. ಕೇಳದ ಹಾಕಿದ್ರ ನನ್ನ ನೌಕರಿ ಉಳಿಯೂದಿಲ್ಲ."

ಹಕ್ಕಿಯ ಮೇಲೆ ಅವನಿಗೆ ಕರುಣೆ ಇರಲಿಲ್ಲ ಅಂತಲ್ಲ. ಹದ್ದು ಕೂಡಬಾರದೆಂದು ಒಮ್ಮೆ ಕಂಬದ ತುದಿಗೆ ಜಾಲಿ ಮುಳ್ಳು ಕಟ್ಟಿದ್ದ. ಅದು ಆ ಮುಳ್ಳನ್ನೇ ಆಸರೆ ಮಾಡಿಕೊಂಡು ಗೂಡು ಕಟ್ಟಿತು.

"ಕಾಕಾ, ಹದ್ದಿಗಿ ಮನಿ ಕಟ್ಟಿಸಿಕೊಟ್ರಿ, ವಾಸ್ತುಶಾಂತಿ ಊಟ ಯಾವಾಗ್ರಿ?" ಅಂತ ಊರ ಹುಡುಗರು ಕಾಡಿದರು. ಅವನೂ ನಕ್ಕ. ಆದರೆ ಗೂಡಿನ ತಾಯಿಹದ್ದು ಸುಟ್ಟು ಕೆಳಗೆ ಬಿದ್ದ ದಿನ ಅವನು ಉಣ್ಣಲಿಲ್ಲ.

ಆ ಬೇಸಿಗೆಯಲ್ಲಿ ಹದ್ದು ಸತ್ತು ಪಂಪ್‌ಸೆಟ್ ಲೈನ್ ಮತ್ತೆ ಮತ್ತೆ ಹೋಯಿತು. ಕಬ್ಬು ಒಣಗತೊಡಗಿತು. ಸಿಟ್ಟು ಬಂದಾಗ ನಮ್ಮ ಕಡೆಯ ರೈತರು ಮಾಡುವುದನ್ನೇ ಮಾಡಿದರು: ಸಾಹೇಬರನ್ನೂ, ಆಗಷ್ಟೇ ಲೈನ್ ಜೋಡಿಸಿ ಬಂದ ಮಾಮಾನನ್ನೂ ಆಫೀಸಿನೊಳಗೆ ಕೂಡಿ ಹಾಕಿ ಹೊರಗಿನಿಂದ ಕೀಲಿ ಜಡಿದರು.

ನಾನು ಕಿಟಕಿಯ ಸರಳಿನ ಸಂದಿಯಿಂದ ರೊಟ್ಟಿ ಗಂಟು ಕೊಟ್ಟೆ. ಮಾಮಾ ಅರ್ಧ ಮುರಿದು ಸಾಹೇಬರ ಮುಂದಿಟ್ಟ. ಅವರು ಮುಟ್ಟಲಿಲ್ಲ. ಆಮೇಲೆ ಮಾಮಾ ಸರಳು ಹಿಡಿದು ಹೊರಗಿನವರಿಗೆ ಹೇಳಿದ:

"ನಮ್ಮನ್ನ ಎಷ್ಟ ಹೊತ್ತ ಕೂಡಿ ಹಾಕಿದ್ರೂ ಹದ್ದು ಕೂಡೂದು ಬಿಡೂದಿಲ್ರಪಾ. ನಮ್ಮಕ್ಕನ ಮಗಳ ಕಡೆ ಅದಕ್ಕ ಉಪಾಯ ಐತಿ. ಸಾಹೇಬ್ರು ಹೂಂ ಅನಬೇಕಷ್ಟ."

ಸಾಹೇಬರು ಅವನತ್ತ ಹೊರಳಿದರು. "ನೀ ಯಾರ ಕಡೆಯಾವೋ?"

"ನಾನೂ ನಿಮ್ಮ ಕೂಡ ಒಳಗ ಅದೀನಲ್ರಿ, ಸಾಹೇಬ್ರ."

"ಹೂಂ ಅನ್ನೂತನಕಾ ಚಾವಿ ಸಿಗೂದಿಲ್ರಿ," ಹೊರಗಿನಿಂದ ಒಬ್ಬ ಮುದುಕ ಅಂದ.

ಸಾಹೇಬರು ಹೂಂ ಅಂದರು.

ಹೊದಿಕೆ ಹಾಕಿದೆವು. ಆ ಕಂಬಗಳ ಬುಡದಲ್ಲಿ ಸತ್ತ ಹದ್ದು ನನಗೆ ಮತ್ತೆ ಕಾಣಲಿಲ್ಲ. ಆದರೆ ರೈತರನ್ನು ಎತ್ತಿಕಟ್ಟಿದನೆಂದು ಮಾಮಾನನ್ನು ಕಣಗಲಾ ಕಡೆಗೆ ವರ್ಗ ಮಾಡಿದರು. ಮನೆ, ಮಕ್ಕಳ ಸಾಲಿ ಇಲ್ಲಿ. ಅವನು ಅಲ್ಲಿ, ಒಂದು ಖೋಲಿಯಲ್ಲಿ. ಅಲ್ಲಿಯ ಕಂಬಗಳಿಗೆ ಹೊದಿಕೆ ಇಲ್ಲ. ಸುಟ್ಟ ಹದ್ದುಗಳನ್ನು ಮತ್ತೆ ಅವನೇ ಇಳಿಸುತ್ತಿದ್ದ. ನನ್ನ ಮುಂದೆ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ.

ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ಮರುದಿನವೇ ಮಾಮಾನ ಹೆಂಡತಿ, ನಮ್ಮ ಅತ್ತಿಯ ಜೊತೆ ಕಣಗಲಾಕ್ಕೆ ಹೋದೆ. ಅವನು ಕೈ ತೊಳೆದು, ಒರೆಸಿಕೊಂಡು, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ನನ್ನ ಹೆಸರನ್ನಷ್ಟೇ ಜೋರಾಗಿ ಓದಿದ. ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ ಅತ್ತಿ ಅಂದಳು:

"ಓದಿದ್ದು ಚಲೋ ಆತು. ಈ ಊರ ಕಂಬ ಇನ್ನೂ ಹಂಗ ಅದಾವ, ಬರೂಮುಂದ ನೋಡಿದ್ಯೋ ಇಲ್ಲೋ?"