ಕಾರಿಗೆ ಬೇರೆ ತಲೆ ಹಾಕಿಸಿದ್ದು

ಒಣಮೆಣಸಿನಕಾಯಿ ದಲಾಲಿ ಮಾಡುವವನಿಗೆ ಜರ್ಮನ್ ಕಾರು ಯಾಕೆ ಬೇಕು ಎಂದು ನನ್ನನ್ನು ನೇರವಾಗಿ ಕೇಳಿದವರಿಲ್ಲ. ಬೆಟಗೇರಿಯ ನಮ್ಮ ಓಣಿಯ ಮಂದಿ ಮರ್ಯಾದಸ್ಥರು. ನಾನು ತಿರುವು ದಾಟುವ ತನಕ ನಗು ತಡೆದುಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಡಾಕ್ಟರೊಬ್ಬರು ವರ್ಷಗಟ್ಟಲೆ ಓಡಿಸಿ ಬೇಸತ್ತು ಕೈಬಿಟ್ಟ ಕಾರು ಅದು. ಕಪ್ಪು ಬಣ್ಣ, ಒಳಗೆ ಕೆನೆ ಬಣ್ಣದ ಚರ್ಮದ ಸೀಟು, ಸ್ಟೇರಿಂಗಿನ ಆಚೆ ಥಳಥಳ ಹೊಳೆಯುವ ಕಟ್ಟಿಗೆಯ ಪಟ್ಟಿ. ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾದ ಮೇಲೆ ನಮಗೆ ನಮ್ಮದೇ ಗಾಡಿ ನಂಬರು ಬಂದಿತ್ತಲ್ಲ, ಕಚೇರಿಗೆ ಅಲೆದಾಡಿ ಕಾರಿಗೆ ಅದನ್ನು ಹಾಕಿಸಿದೆ. ಹಾಕಿಸಿದ ದಿನ ಏನೂ ಕೆಲಸವಿಲ್ಲದಿದ್ದರೂ ಮಾರ್ಕೆಟ್ ಯಾರ್ಡಿನಲ್ಲಿ ಸುತ್ತು ಹೊಡೆದು ಬಂದೆ.

ಖಂಡೇ ಪೂಜೆಯ ತನಕ ಎಲ್ಲ ಸರಿಯಾಗಿಯೇ ಇತ್ತು. ಮಹಾನವಮಿಯ ಆ ಪೂಜೆಗೆ ನಮ್ಮಲ್ಲಿ ಗಾಡಿ ತೊಳೆಯುವುದೆಂದರೆ ಬಟ್ಟೆ ಹಾಕಿ ಒರೆಸುವುದಲ್ಲ. ಬಾನೆಟ್ ಎತ್ತಿ, ಪೈಪು ಹಿಡಿದು, ಎಂಜಿನ್ನಿನ ಸಂದಿಗೊಂದಿಗೆಲ್ಲ ನೀರು ಹೊಡೆದು, ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಟ್ರ್ಯಾಕ್ಟರಿಗೆ ನಡೆಯುವ ಈ ಸೇವೆ ಕಾರಿಗೂ ನಡೆದೀತು ಎಂದು ನಾನೂ ಮನಸಾರೆ ನೀರು ಹೊಡೆದೆ. ಹಬ್ಬ ಕಳೆದ ಕೆಲವೇ ದಿನಕ್ಕೆ, ಬಿಸಿಯಾದಾಗಲೆಲ್ಲ ಕಾರು ನಡುರಸ್ತೆಯಲ್ಲಿ ನಿಲ್ಲತೊಡಗಿತು. ಒಂದಕ್ಕೊಂದು ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ.

ಒಮ್ಮೆ ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಎದುರಿಗೇ ನಿಂತಿತು. ಇನ್ನೊಮ್ಮೆ ಮುಳಗುಂದದ ಸಂತೆಯ ನಡುವೆ. ಡ್ಯಾಶ್‌ಬೋರ್ಡಿನಲ್ಲಿ ಇದ್ದಬದ್ದ ದೀಪಗಳೆಲ್ಲ ಹೊತ್ತಿಕೊಳ್ಳುತ್ತಿದ್ದವು. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ತಣ್ಣಗಾಗುವ ತನಕ ಏನು ಮಾಡುವುದು? ಇಳಿದು ಮೊಬೈಲನ್ನು ಕಿವಿಗೆ ಹಿಡಿದು, ಯಾರೋ ದೊಡ್ಡ ವ್ಯಾಪಾರಿಯ ಜೊತೆ ಮಾತಾಡಲೆಂದೇ ಕಾರು ನಿಲ್ಲಿಸಿದವನ ಹಾಗೆ ಅಡ್ಡಾಡುವುದನ್ನು ಕಲಿತೆ. ಸಂತೆಯಲ್ಲಿ ಹಾಗೆ ಮಾತಾಡುತ್ತಿರುವಾಗಲೇ ಕಿವಿಯಲ್ಲಿದ್ದ ಫೋನು ರಿಂಗಾಯಿತು. ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದ ಮುದುಕಿ ಸೆರಗು ಬಾಯಿಗೆ ಹಿಡಿದು ಆಚೆ ಮುಖ ಮಾಡಿದಳು.

ಇದೇ ಹೊತ್ತಿಗೆ ಮಗಳ ಮದುವೆಯ ಮಾತು ಬಂದಿತು. ಅವಳು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಳು. ಅಲ್ಲಿಯೇ ಮಾಸ್ತರನಾಗಿದ್ದ ಮುಂಡರಗಿಯ ಹುಡುಗನನ್ನು ಮೆಚ್ಚಿದ್ದಳು. ಅವನ ತಂದೆಗೆ ಹಮ್ಮಿಗಿಯಲ್ಲಿ ಹೊಳೆದಂಡೆಯ ಹೊಲ, ಮುಂಡರಗಿಯಲ್ಲಿ ಮನೆ. ಅವರು ಬಂದು ಹುಡುಗಿಯನ್ನು ನೋಡಿ ಹೋದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಮ್ಮೆ ಬಂದು ಮನೆ ನೋಡಿ ಹೋಗಿರಿ, ಆಮೇಲೆ ಮಾತಾಡೋಣ ಎಂದು ಹೇಳಿ ಕಳಿಸಿದರು. ಚಿಕ್ಕಂದಿನಿಂದ ಒಂದು ರಿಬ್ಬನ್ನನ್ನೂ ಹಟ ಮಾಡಿ ಕೇಳಿದವಳಲ್ಲ ನನ್ನ ಮಗಳು. ಆ ದಿನ ಮಾತ್ರ ನೆಲ ನೋಡುತ್ತಲೇ ಹೇಳಿದಳು: "ಅಪ್ಪಾ, ಇದು ಕೂಡಿ ಬರಬೇಕು ನನಗ."

ಕೂಡಿ ಬರಬೇಕೆಂದರೆ ಬೀಗರಾಗುವವರ ಮನೆಗೆ ನಮ್ಮ ಘನತೆಗೆ ತಕ್ಕ ಹಾಗೆ ಹೋಗಬೇಕು ಎಂದು ನಾನು ತೀರ್ಮಾನಿಸಿದೆ. ಬಸ್ಸಿಗೆ ಹೋಗಿಬನ್ನಿ, ಬೇಕಾದಷ್ಟು ಬಸ್ಸಿವೆ ಎಂದು ಮಗಳು ಮತ್ತೆ ಮತ್ತೆ ಹೇಳಿದಳು. ಬಸ್ಸಿನಲ್ಲಿ ಹೋಗಿ ಇಳಿದರೆ ನಿನ್ನ ಬೆಲೆ ಏನಾದೀತು ಎಂದು ಅವಳನ್ನೇ ಗದರಿಸಿದೆ.

ಬೆಟಗೇರಿಯ ನಮ್ಮ ಮೇಸ್ತ್ರಿ ಜೀಪು, ಟ್ರ್ಯಾಕ್ಟರಿನಲ್ಲಿ ಪಳಗಿದವನು. ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಅವನು ಕಾರಿನ ಪ್ಲಗ್ಗು ಬದಲಿಸಿದ, ಪೆಟ್ರೋಲ್ ಪಂಪು ಬದಲಿಸಿದ, ಕೊನೆಗೆ ಏನೂ ತೋಚದೆ ಬ್ಯಾಟರಿಯನ್ನೂ ಬದಲಿಸಿದ. ನಾನು ಪಕ್ಕದಲ್ಲಿ ನಿಂತು, ಎಲ್ಲ ತಿಳಿದವನ ಹಾಗೆ ಅದು ಹೌದು, ಅದೇ ಇರಬೇಕು ಎನ್ನುತ್ತಿದ್ದೆ. ನಾವಿಬ್ಬರೂ ಸೇರಿ ಸರಿಯಿದ್ದ ಭಾಗಗಳನ್ನೆಲ್ಲ ತೆಗೆದು ಮುಗಿಸಿದ ಮೇಲೆ ಹುಬ್ಬಳ್ಳಿಯಿಂದ ಲ್ಯಾಪ್‌ಟಾಪಿನವನನ್ನು ಕರೆಸಿದೆವು. ಅವನು ಸ್ಟೇರಿಂಗಿನ ಕೆಳಗೆ ವೈರು ಸಿಕ್ಕಿಸಿ, ಓದಿ, ಎಂಜಿನ್ನಿನ ಕಂಪ್ಯೂಟರೇ ಹಾಳಾಗಿದೆ ಎಂದ. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಹೇಳುವ ತಲೆ ಅದೇ ಅಂತೆ. ಮುಂಗಾಜಿನ ಬುಡದ ತಗ್ಗಿನಲ್ಲಿ ಒಂದು ಕರಿ ಡಬ್ಬಿ. ಮುಚ್ಚಳ ತೆಗೆದರೆ ನೀರು ಹರಿದುಹೋಗುವ ತೂತಿನ ತುಂಬ ನಮ್ಮ ಮನೆ ಮುಂದಿನ ಬೇವಿನ ಗಿಡದ ಎಲೆ, ಅದರ ಮೇಲೆ ನಾನು ಹೊಡೆದ ನೀರು, ಆ ನೀರಿನಲ್ಲಿ ಡಬ್ಬಿ. ಪೂಜೆಯ ಕುಂಕುಮ ಕೂಡ ಅಲ್ಲಿಯ ತನಕ ತಲುಪಿತ್ತು.

ಹೊಸ ಕಂಪ್ಯೂಟರಿನ ಬೆಲೆ ಕೇಳಿ ನಾನು ಕಲ್ಲಿನ ಮೇಲೆ ಕುಳಿತೆ. ಹಾಗಾಗಿ ಪುಣೆಯ ಗುಜರಿಯಿಂದ ಅದೇ ಮಾದರಿಯ ಹಳೆಯದೊಂದನ್ನು ತರಿಸಿದೆವು. ಜೋಡಿಸಿ ಕೀಲಿ ತಿರುಗಿಸಿದರೆ ಕಾರು ಗುರ್ ಎಂದು ಎದ್ದು ತಕ್ಷಣ ಸತ್ತಿತು. ಎಷ್ಟು ಸಲ ತಿರುಗಿಸಿದರೂ ಅಷ್ಟೇ. ಬಂದ ಡಬ್ಬಿ ತನ್ನ ಮೊದಲಿನ ಕಾರಿನ ಕೀಲಿಯನ್ನಷ್ಟೇ ಗುರುತಿಸುತ್ತದೆ, ಬೇರೆಯವರನ್ನು ಕಳ್ಳರೆಂದು ತಿಳಿಯುತ್ತದೆ ಎಂದು ಲ್ಯಾಪ್‌ಟಾಪಿನವನು ವಿವರಿಸಿದ. ನನ್ನ ಸ್ವಂತ ಕಾರು, ನನ್ನ ಸ್ವಂತ ಅಂಗಳದಲ್ಲಿ, ನನ್ನನ್ನು ಕಳ್ಳ ಅನ್ನುತ್ತಿತ್ತು. ಸಿಟ್ಟಿಗೆ ಟೈರಿಗೆ ಒದ್ದು ಕಾಲು ನೋಯಿಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಮಗಳು, ಇನ್ನು ರಿಪೇರಿ ಆಗುವುದಿಲ್ಲವೇ ಎಂದು ಕೇಳಿದಳು. ಅವಳ ಮುಖದಲ್ಲಿ ಇದ್ದದ್ದು ಚಿಂತೆ ಎಂದುಕೊಂಡು, ಮಾಡಿಸಿಯೇ ತೀರುತ್ತೇನೆ ಎಂದು ಧೈರ್ಯ ಹೇಳಿದೆ.

ಎರಡೂ ಡಬ್ಬಿಗಳು ಹುಬ್ಬಳ್ಳಿಗೆ ಹೋದವು. ನಮ್ಮ ಕಾರಿನ ಡಬ್ಬಿಯ ನೆನಪನ್ನೆಲ್ಲ ತೆಗೆದು ಪುಣೆಯದಕ್ಕೆ ತುಂಬಿಸಿ ತಂದರು. ಮುಂಡರಗಿಗೆ ಹೋಗುವ ಹಿಂದಿನ ದಿನ ಕಾರು ಚಾಲೂ ಆಯಿತು, ಬಿಸಿಯಾದರೂ ನಿಲ್ಲಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಒಂದೇ ಮಾತು: "ಸಾವಕಾರ್ರ, ಇನ್ನ ಮ್ಯಾಲ ಬಾನೆಟ್ ಎತ್ತಿ ನೀರು ಮಾತ್ರ ಹೊಡೀಬ್ಯಾಡ್ರಿ."

ನಾನು ಹೊಡೆದೆ. ಯಾಕೆಂದರೆ ನಮ್ಮ ಕಡೆ ಮನೆಗೆ ಹೊಸ ತರಹದ ಕಾರು ಬಂತೆಂದರೆ ಗಂಡಸರು ಬಾನೆಟ್ ಎತ್ತಿಸಿ ನೋಡದೆ ಬಿಡುವುದಿಲ್ಲ. ಮುಂಡರಗಿಯ ಹಿರಿಯರು ಬಗ್ಗಿ ನೋಡಿದಾಗ ಮೇಸ್ತ್ರಿಯ ಎಣ್ಣೆಗೈ ಗುರುತು ಕಾಣಿಸಿದರೆ? ಸ್ವಲ್ಪವೇ ಎಂದುಕೊಂಡು ಪೈಪು ಹಿಡಿದೆ. ಪೈಪು ಹಿಡಿದ ಮೇಲೆ ಸ್ವಲ್ಪ ಎಂಬುದು ನನ್ನ ಕೈಗೆ ಗೊತ್ತಿಲ್ಲ. ಹೆಂಡತಿ ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟಳು. ಮೊದಲು ನಾವಿಬ್ಬರೇ ಹೋಗಿ ನೋಡಿ ಬರುವುದು, ಆಮೇಲೆ ಹಿರಿಯರನ್ನು ಕರೆದೊಯ್ಯುವುದು ಎಂದು ಮಾತಾಗಿತ್ತು. ಮನೆ ನೋಡುವುದಕ್ಕೆ ಹುಡುಗಿ ಬರುವ ಪದ್ಧತಿಯಿಲ್ಲ. ಮಗಳು ಹೊಸ್ತಿಲಲ್ಲೇ ಉಳಿದಳು.

ಡೋಣಿ ದಾಟಿದ್ದೆವು. ಕಪ್ಪತಗುಡ್ಡದ ಗಾಳಿ ಸೊಗಸಾಗಿ ಬೀಸುತ್ತಿತ್ತು. ಈ ಕಾರು ನೋಡಿದರೆ ಅವರು ಅಲ್ಲೇ ಹೂಂ ಅನ್ನುತ್ತಾರೆ ಎಂದು ನಾನು ಹೆಂಡತಿಗೆ ಹೇಳುತ್ತಿರುವಾಗಲೇ ದೀಪಗಳೆಲ್ಲ ಹೊತ್ತಿಕೊಂಡವು. ಕಾರು ನಿಂತಿತು. ಈ ಸಲ ತಣ್ಣಗಾದ ಮೇಲೂ ಏಳಲಿಲ್ಲ. ನಾನು ಅಭ್ಯಾಸಬಲದಿಂದ ಇಳಿದು ಫೋನು ಕಿವಿಗೆ ಹಿಡಿದೆ. ಹೆಂಡತಿ ಅದನ್ನು ಕಿತ್ತುಕೊಂಡು ಹುಡುಗನ ತಾಯಿಗೆ ಹಚ್ಚಿ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು.

ಹುಡುಗನ ತಂದೆಯೇ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದರು, ನಮಗಾಗಿ ಉಟ್ಟಿದ್ದ ಇಸ್ತ್ರಿ ಧೋತರದಲ್ಲಿಯೇ. ಬಾನೆಟ್ ಎತ್ತಿ ನೋಡಲೂ ಇಲ್ಲ. ಹಗ್ಗ ಕಟ್ಟಿ ಹೊರಟರು. ಎಂಜಿನ್ ಸತ್ತ ಕಾರಿನ ಸ್ಟೇರಿಂಗು ಕಲ್ಲಿನಂತೆ ಬಿಗಿಯಾಗಿರುತ್ತದೆ. ನಾನು ಜರಿ ರುಮಾಲು ಸುತ್ತಿಕೊಂಡು ಬೆವರು ಸುರಿಸುತ್ತ ಅದನ್ನು ತಿರುಗಿಸುತ್ತಿದ್ದೆ. ಮುಂಡರಗಿಯ ಪೇಟೆಯ ಉದ್ದಕ್ಕೂ ಮಂದಿ ಅಂಗಡಿಯಿಂದ ಹೊರಬಂದು ನೋಡಿದರು. ಮಗಳ ಮದುವೆ ಇಲ್ಲಿಗೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು.

ಶಿರಾ, ಉಪ್ಪಿಟ್ಟು, ಚಹಾ ಆಯಿತು. ಹುಡುಗನ ತಂದೆ ನನ್ನ ಮುಂದೆ ಎಲೆ ಅಡಿಕೆಯ ತಟ್ಟೆ ಸರಿಸಿ ಹೇಳಿದರು: "ಖರೆ ಹೇಳ್ತೀನ್ರಿ ಬೀಗರ. ಇವತ್ತ ನಿಮ್ಮನ್ನ ಕರಸಿದ್ದು ಒಲ್ಲೆ ಅಂತ ಎದುರಿಗೇ ಹೇಳಾಕ. ಅಂಥಾ ಕಾರಿನ್ಯಾಗ ಅಡ್ಡಾಡಿದ ಹುಡುಗಿ ನಮ್ಮಂಥಾರ ಮನ್ಯಾಗ ಹೆಂಗ ಬಾಳೇವು ಮಾಡ್ತಾಳ ಅಂತ ಅಂಜಿಕಿ ಇತ್ತು. ಈಗ ಅಂಜಿಕಿ ಹೋತು."

ಅವರು ಬೀಗರು ಅಂದದ್ದು ನನ್ನ ಕಿವಿಗೆ ಬಿದ್ದು, ತಲೆಗೆ ಹತ್ತಲು ಹೊತ್ತು ಹಿಡಿಯಿತು. ಹೆಂಡತಿ ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಂಗಳಕ್ಕೆ ಬಂದು ಮಗಳಿಗೆ ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ, ಕಾರು ಎಲ್ಲಿ ನಿಂತಿತು ಎಂದು ಅವಳು ಕೇಳಿದಳು. ನಿಂತಿದ್ದು ನಿನಗೆ ಯಾರು ಹೇಳಿದರು ಎಂದೆ.

"ಯಾರೂ ಹೇಳಿಲ್ಲ. ಮುಂಜಾನಿಂದ ದೇವರಿಗೆ ಅದನ್ನ ಬೇಡಕೊಳ್ಳಾಕತ್ತೀನಿ."

ತನ್ನ ತಂದೆ ಕಾರಿಗೆ ಅಂಜಿ ಒಲ್ಲೆ ಅನ್ನುವವರಿದ್ದಾರೆಂದು ಹುಡುಗ ಅವಳಿಗೆ ಮೊದಲೇ ತಿಳಿಸಿದ್ದನಂತೆ. ಕೂಡಿ ಬಂದಿದೆ ಎಂದು ಹೇಳಿದೆ. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀ ಕಾರ್ ಮಾರಿಬಿಡ್ತಿದ್ದಿ ಅಪ್ಪಾ. ನಿನಗಂತ ನೀ ತಗೊಂಡಿದ್ದು ಅದೊಂದ."

ಒಳಗಿನಿಂದ ಬೀಗರು ಕರೆಯುತ್ತಿದ್ದರು. ನಾನು ಮಾರಿಬಿಡುತ್ತಿದ್ದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನಗಿತ್ತು.