ಏಳನೆಯ ಠಾಣೆಯನ್ನು ಕರೆದವರು

ಲೋಕಶಾಂತಿಗೆ ದೊಡ್ಡ ರಾಷ್ಟ್ರಗಳು ಭಾಷಣ ಕೊಡುತ್ತವೆ, ಸಣ್ಣ ರಾಷ್ಟ್ರಗಳು ಹಾರೈಕೆ ಕೊಡುತ್ತವೆ. ನಮ್ಮಂಥ ನಡುಗಾತ್ರದ ದೇಶ ಮನುಷ್ಯರನ್ನು ಕೊಡುತ್ತದೆ. ನಮಗೆ ಯಾರೂ ಹೆದರುವುದಿಲ್ಲ. ಜಗಳಕ್ಕೆ ನಿಂತ ಇಬ್ಬರೂ ನಮ್ಮನ್ನು ನಡುವೆ ನಿಲ್ಲಿಸಿಕೊಳ್ಳಲು ಒಪ್ಪುವುದು ಅದಕ್ಕಾಗಿಯೇ. ಹಾಗೆ ಪರದೇಶದ ಕದನವಿರಾಮ ರೇಖೆಯ ಮೇಲೆ ನಿಂತವರ ಪೈಕಿ, ಒಂದು ಗುಂಡನ್ನೂ ಹಾರಿಸದೆ, ಬರೀ ಹಾಜರಿ ಕೂಗಿಯೇ ಇಪ್ಪತ್ತಾರು ವರ್ಷ ಶಾಂತಿ ಕಾಯ್ದ ವೈರ್‌ಲೆಸ್ ಅಧಿಕಾರಿ, ನಮ್ಮೆಲ್ಲರ ಬಾಯಲ್ಲಿ ‘ಹಾಜರಿ ಅಕ್ಕ’, ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ತಗಡಿನ ಮಾಡಿನ ಒಂದು ಕೋಣೆ, ಕಾಲು ಅಲ್ಲಾಡುವ ಮೇಜು, ಹಸಿರು ಬಣ್ಣ ಕಿತ್ತುಹೋದ ವೈರ್‌ಲೆಸ್ ಪೆಟ್ಟಿಗೆ. ಸಂಜೆ ಸರಿಯಾಗಿ ನಾಲ್ಕಕ್ಕೆ ಅಕ್ಕ ಹನ್ನೊಂದು ವೀಕ್ಷಣಾ ಠಾಣೆಗಳನ್ನು ಒಂದರಿಂದ ಕ್ರಮವಾಗಿ ಕರೆಯುತ್ತಿದ್ದರು. “ಇದೀವಿ ಅಕ್ಕ, ಎಲ್ಲ ಶಾಂತ” ಎಂದು ಉತ್ತರ ಬರಬೇಕು. ದನಿಯಲ್ಲಿ ನೆಗಡಿ ಕೇಳಿಸಿದರೆ ಮರುದಿನದ ಜೀಪಿನಲ್ಲಿ ಮಾತ್ರೆ ಹೋಗುತ್ತಿತ್ತು. ದನಿ ಸಪ್ಪಗಿದ್ದರೆ, ಮೇಲಧಿಕಾರಿಗಳ ಕಣ್ಣು ತಪ್ಪಿಸಿ, ಆತನ ಮನೆಗೊಂದು ಫೋನು ಹೋಗುತ್ತಿತ್ತು. ಎರಡೂ ಸೈನ್ಯಗಳು ಅದೇ ತರಂಗಾಂತರದಲ್ಲಿ ಕಿವಿಗೊಟ್ಟು ಕೂತಿರುತ್ತಿದ್ದವು. ಮೂರು ದಿನ ಸತತವಾಗಿ ಉತ್ತರ ಬಾರದ ಠಾಣೆಯನ್ನು ತೆರವಾದುದೆಂದು ಭಾವಿಸಬಹುದು ಎಂದು ಒಪ್ಪಂದದಲ್ಲೇ ಬರೆದಿತ್ತು. ಆಮೇಲೆ ಯಾರು ಮೊದಲು ಹತ್ತುತ್ತಾರೋ ಬೆಟ್ಟ ಅವರದು.

ಅಕ್ಕನ ಸೇವೆಯ ಐದನೆಯ ವರ್ಷ ಗುಡ್ಡ ಕುಸಿದು ಏಳನೆಯ ಠಾಣೆಯ ಇಬ್ಬರೂ ತೀರಿಕೊಂಡರು. ಶವಪೆಟ್ಟಿಗೆ ಮುಚ್ಚುವಾಗ ಅಕ್ಕ ಪಕ್ಕದಲ್ಲೇ ನಿಂತಿದ್ದರು, ಇಬ್ಬರ ತಾಯಂದಿರಿಗೂ ಕೈಯಾರೆ ಪತ್ರ ಬರೆದರು. ಬದಲಿ ತಂಡವನ್ನು ಮೇಲೆ ಕಳಿಸಲು ಎರಡೂ ಸೈನ್ಯಗಳ ಒಪ್ಪಿಗೆ ಬೇಕಿತ್ತು; ಬೆಟ್ಟದ ಮೇಲೆ ಕಣ್ಣಿಟ್ಟಿದ್ದವರು ಮೀನಮೇಷ ಎಣಿಸಿದರು, ಆ ಒಪ್ಪಿಗೆ ಇಂದಿಗೂ ಬಂದಿಲ್ಲ. ಬೆಟ್ಟದ ಬುಡದಲ್ಲಿ ಎರಡು ಸಾವಿರ ಜನರ ಊರು. ತುದಿಗೆ ಫಿರಂಗಿ ಹತ್ತಿದರೆ ಆ ಊರು ಉಳಿಯುವಂತಿರಲಿಲ್ಲ.

ಮೊದಲ ದಿನ ಏಳನ್ನು ಕರೆದಾಗ ಉತ್ತರವಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅಕ್ಕ ಕಣ್ಣು ಮುಚ್ಚಿ ಕರೆದರು.

“ಏಳು. ಇದೀವಿ ಅಕ್ಕ, ಎಲ್ಲ ಶಾಂತ.”

ಅಕ್ಕ ಸೊಂಟಕ್ಕೊಂದು ಶಾಲು ಹೆಣೆದು ಕಳಿಸಿದ್ದ, ಬೆನ್ನುನೋವಿನ ಆ ಉದ್ದನೆಯವನ ದನಿಯೇ. ಅಕ್ಕ ಸುಳ್ಳು ಬರೆಯುವ ಜಾಯಮಾನದವರಲ್ಲ. ದಿನಚರಿಯಲ್ಲಿ “ಏಳು: ಉತ್ತರ ಬಂದಿದೆ” ಎಂದಷ್ಟೇ ದಾಖಲಿಸಿ, ಎಂಟನ್ನು ಕರೆದರು. ಅತ್ತ ಇತ್ತ ಹೊರಟು ನಿಂತಿದ್ದ ಎರಡೂ ದಂಡುಗಳು ತೆಪ್ಪಗೆ ಹಿಂದಿರುಗಿದವು.

ಸುದ್ದಿ ಕೇಳಿ ಕೇಂದ್ರ ಕಚೇರಿಯಿಂದ ತಪಾಸಣಾಧಿಕಾರಿ ಬಂದರು. ಬಹಳ ಜಬರದಸ್ತಿನ ಮನುಷ್ಯ. ಬೆಟ್ಟ ಹತ್ತಿ, ಮಣ್ಣಿನಡಿ ಅಪ್ಪಚ್ಚಿಯಾಗಿದ್ದ ವೈರ್‌ಲೆಸ್ಸನ್ನು ತಾವೇ ಹೊರಗೆ ತೆಗೆಸಿ, ಮೇಜಿನ ಮೇಲೆ ದಡ್ಡನೆ ಇಟ್ಟರು. “ಇದರಲ್ಲಿ ಯಾರ್ರೀ ಮಾತಾಡ್ತಾರೆ? ಯಾರಿಗೆ ಟೋಪಿ ಹಾಕ್ತಿದೀರಿ?” ಎಂದು ಗದರಿದರು. ಅಕ್ಕ ಗಡಿಯಾರ ನೋಡಿ, “ನಾಲ್ಕಾಯ್ತು ಸರ್, ಕೂತ್ಕೊಳ್ಳಿ” ಎಂದರು.

ಏಳರ ಸರದಿ ಬಂತು. “ಇದೀವಿ ಅಕ್ಕ, ಎಲ್ಲ ಶಾಂತ. ಪಕ್ಕದಲ್ಲಿ ಕೂತಿರೋ ಸಾಹೇಬ್ರಿಗೆ ಹೇಳಿ, ಅವರ ಬೂಟಲ್ಲಿ ನಮ್ಮ ಮಣ್ಣಿದೆ.”

ಸಾಹೇಬರು ಬಗ್ಗಿ ಬೂಟು ನೋಡಿಕೊಂಡರು. ಅವರ ವರದಿ ಇಂದಿಗೂ ಕೇಂದ್ರ ಕಚೇರಿ ತಲುಪಿಲ್ಲ.

ಇಪ್ಪತ್ತೊಂದು ವರ್ಷಗಳಲ್ಲಿ ಅಕ್ಕ ಒಂದು ಸಂಜೆಯೂ ತಪ್ಪಿಸಲಿಲ್ಲ. ತಂಗಿಯ ಮದುವೆಗೂ ಹೋಗಲಿಲ್ಲ. ಬೇರೆ ಯಾರು ಕರೆದರೂ ಏಳು ಓಗೊಡುತ್ತಿರಲಿಲ್ಲ. ಜನ ಹೊಗಳಿದಾಗಲೆಲ್ಲ ಅವರ ಮುಖ ಇಳಿದುಹೋಗುತ್ತಿತ್ತು. “ಊರು ನಿದ್ದೆ ಮಾಡ್ಲಿ ಅಂತ ಆ ಇಬ್ಬರನ್ನ ಎಬ್ಬಿಸಿ ಕೂರಿಸಿದೀನಿ. ಅವರ ಅಮ್ಮಂದಿರಿಗೆ ಯಾವ ಮುಖ ತೋರಿಸಲಿ?” ಎಂದು ಒಮ್ಮೆ ನಮ್ಮೆದುರೇ ಅತ್ತುಬಿಟ್ಟರು.

ನಿವೃತ್ತಿಯ ಆದೇಶ ಕೈಸೇರಿದ ದಿನ, ತಮ್ಮ ಜಾಗಕ್ಕೆ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಕ ಏಳನ್ನು ಕೇಳಿಯೇಬಿಟ್ಟರು. “ತಮ್ಮಂದಿರಾ, ಸಾಕು ಮಾಡೋಣ್ವಾ? ಹೊರಡ್ತೀರಾ?”

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಏಳು ಸುಮ್ಮನಾಯಿತು. ಕೋಣೆಯಲ್ಲಿ ಬರೀ ಗರಗರ ಸದ್ದು. ಎರಡೂ ಸೈನ್ಯಗಳೂ ಆ ಹೊತ್ತು ಕೇಳುತ್ತಿದ್ದಿರಬೇಕು.

“ಕೆಳಗೆ ಶಾಲೆ ಬಿಟ್ಟಿದೆ ಅಕ್ಕ. ಮಕ್ಕಳು ಓಡ್ತಾ ಇದಾರೆ. ಇರ್ತೀವಿ. ಹೊಸಬರಿಗೂ ಓಗೊಡ್ತೀವಿ, ಹೆದರ್ಕೋಬೇಡಿ ಅಂತ ಹೇಳಿ.” ಆಮೇಲೆ, “ತುಂಬಾ ಸುಸ್ತಾಗಿದೆ ಅಕ್ಕ.”

ಇಂಥ ಲೇಖನದ ಕೊನೆಗೆ ನೆಮ್ಮದಿಯ ವಿಶ್ರಾಂತ ಜೀವನವನ್ನು ಹಾರೈಸುವುದು ವಾಡಿಕೆ. ಅಕ್ಕ ಅದನ್ನು ಬೇಡವೆಂದಿದ್ದಾರೆ. ವಿಶ್ರಾಂತಿ ಮೊದಲು ಸಲ್ಲಬೇಕಾದವರು ಬೇರೆ ಇದ್ದಾರಂತೆ. ಆದ್ದರಿಂದ ನಾವು ದೀರ್ಘಾಯುಷ್ಯವನ್ನಷ್ಟೇ ಕೋರುತ್ತೇವೆ. ಎರಡೂ ಸೈನ್ಯಗಳು ರೇಖೆಯಿಂದ ಹಿಂದೆ ಸರಿದು, ಏಳನೆಯ ಠಾಣೆ ಯಾರಿಗೂ ಬೇಡವಾಗುವ ಆ ಸಂಜೆಯವರೆಗೆ ಅವರು ಗಟ್ಟಿಮುಟ್ಟಾಗಿ ಬಾಳಲಿ. “ಇನ್ನು ಮಲಗಿ ತಮ್ಮಂದಿರಾ” ಎಂದು ಆ ಇಬ್ಬರಿಗೆ ಹೇಳುವ ಕೆಲಸವೊಂದು ಅವರಿಗೆ ಇನ್ನೂ ಬಾಕಿ ಇದೆ.